ಹಳೇದನ್ನ ಮೊದಲೇ ಅಳಿಸಬೇಡಿ

ಲ್ಯಾಬ್‌ನಲ್ಲಿ ಸಿಸ್ಟಮ್ ಹ್ಯಾಂಗ್ ಆದ್ರೆ ನಮ್ಮ ಕೈ ಮೊದಲು ಹೋಗೋದು ಪವರ್ ಬಟನ್‌ಗೆ. ಮತ್ತೆ ಆನ್ ಆಯ್ತು ಅಂದ್ರೆ ಖುಷಿ. ಯಾಕೆ ಬಿತ್ತು ಅನ್ನೋ ಸಾಕ್ಷಿ ಮಾತ್ರ ಮೆಮೊರಿ ಜೊತೆಗೇ ಅಳಿಸಿ ಹೋಗಿರುತ್ತೆ. ಎಂಜಿನಿಯರ್ ಆಗೋರಿಗೆ ಇದು ಒಳ್ಳೆ ಅಭ್ಯಾಸ ಅಲ್ಲ ಅಂತ ನನ್ನ ಅಭಿಪ್ರಾಯ.

ಲಿನಕ್ಸ್‌ನಲ್ಲಿ ಕೆಡಂಪ್ ಅಂತ ಒಂದು ವ್ಯವಸ್ಥೆ ಇದೆ. ಮೆಮೊರಿಯ ಒಂದು ಭಾಗವನ್ನು ಮೊದಲೇ ಮೀಸಲಿಟ್ಟು, ಅಲ್ಲೊಂದು ಎರಡನೇ ಕರ್ನಲ್ ಇಟ್ಟಿರುತ್ತಾರೆ. ಮೊದಲ ಕರ್ನಲ್ ಪ್ಯಾನಿಕ್ ಆದ ಕೂಡಲೇ ಇದು ಎದ್ದು, ಹಳೇ ಮೆಮೊರಿಯನ್ನು ಫೈಲ್ ಆಗಿ ಉಳಿಸುತ್ತೆ. ಆದರೆ ನಡುವೆ ಬಯಾಸ್ ಬರೋದಿಲ್ಲ, ಹಾರ್ಡ್‌ವೇರ್ ಪೂರ್ತಿ ರೀಸೆಟ್ ಆಗಿರೋದಿಲ್ಲ. ಕರ್ನಲ್ ಸತ್ತಿದ್ದು ನೆಟ್‌ವರ್ಕ್ ಕಾರ್ಡ್‌ಗೆ ಗೊತ್ತೇ ಇಲ್ಲ. ಅದರ ಡಿಎಂಎ ನಡೀತಾನೇ ಇರುತ್ತೆ. ಆ ಡೇಟಾ ಮೆಮೊರಿಯಲ್ಲಿ ಎಲ್ಲಿಗೆ ಹೋಗಬೇಕು ಅಂತ ತೋರಿಸೋದು ಐಒಎಂಎಂಯು ಕೋಷ್ಟಕ.

ನಮ್ಮ ಬಾಳಗಡಿ ಕಡೆಯ ಅಡಿಕೆ ಕೊಯ್ಲು ನೆನೆಸಿಕೊಳ್ಳಿ. ಆಳುಗಳು ಗೊನೆ ಹೊತ್ತು ಬರ್ತಿದ್ದಾರೆ. ಎಲ್ಲಿ ಇಳಿಸಬೇಕು ಅಂತ ಹೇಳಿದ್ದ ಯಜಮಾನರು ಕುಸಿದು ಬಿದ್ದರು. ಜಾಗಕ್ಕೆ ಬಂದವನು "ಅವರು ಹೇಳಿದ್ದೆಲ್ಲ ರದ್ದು" ಅಂದ್ರೆ? ಹೊತ್ತವರು ಸಿಕ್ಕಲ್ಲಿ ಇಳಿಸ್ತಾರೆ, ಇಲ್ಲಾ ದಾರಿಯಲ್ಲೇ ನಿಲ್ತಾರೆ. ಯಂತ್ರದಲ್ಲೂ ಹಾಗೇ. ಐಒಎಂಎಂಯು ಆಫ್ ಮಾಡಿದರೆ ಡೇಟಾ ಯಾವುದೋ ವಿಳಾಸಕ್ಕೆ ಬಿದ್ದು ಸಾಕ್ಷಿಯೇ ಕೆಡಬಹುದು. ಖಾಲಿ ಕೋಷ್ಟಕ ಕೊಟ್ಟರೆ ಫಾಲ್ಟ್‌ಗಳ ಸುರಿಮಳೆ. ಸಾಧನ ಕೆಟ್ಟ ಸ್ಥಿತಿಗೆ ಹೋದರೆ ಡಂಪ್ ಕೂಡ ಸಿಗದು.

2015ರಲ್ಲಿ ಬಂದ ಲಿನಕ್ಸ್ 4.2ರಲ್ಲಿ ಇಂಟೆಲ್ ವಿಟಿ-ಡಿಗೆ ಇದರ ಪರಿಹಾರ ಸೇರಿತು. ಹಳೇ ಕೋಷ್ಟಕ ಎಲ್ಲಿದೆ ಅಂತ ಹಾರ್ಡ್‌ವೇರ್ ರಿಜಿಸ್ಟರನ್ನೇ ಕೇಳಿ, ಅದರ ಮೇಲಿನ ಹಂತಗಳನ್ನು ನಕಲು ಮಾಡಿಕೊಂಡು, ಹಳೇ ದಾರಿಗಳನ್ನು ಹಾಗೇ ಬಿಡೋದು. ಆಯಾ ಸಾಧನದ ಡ್ರೈವರ್ ಬಂದು ಅದನ್ನು ಹಿಡಿತಕ್ಕೆ ತಗೊಂಡ ಮೇಲಷ್ಟೇ ಹೊಸ ದಾರಿ.

"ಬಿದ್ದ ಕರ್ನಲ್‌ನ ಕೋಷ್ಟಕ ನಂಬೋದು ಹೇಗೆ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಕೋಷ್ಟಕವೇ ಕೆಟ್ಟಿದ್ದರೆ ಈ ಉಪಾಯವೂ ಸೋಲಬಹುದು. ಆದರೆ ಹೊಸ ಕರ್ನಲ್ ಇರೋದು ಮೊದಲಿನಿಂದ ಮೀಸಲಿಟ್ಟ ಜಾಗದಲ್ಲಿ, ಸರಿಯಿರುವ ಹಳೇ ದಾರಿಗಳು ಅಲ್ಲಿಗೆ ಬರೋದೇ ಇಲ್ಲ. ನಂಬಬೇಕಾದ್ದೂ ಸ್ವಲ್ಪ ಹೊತ್ತು ಮಾತ್ರ.

ನಮ್ಮ ಓಎಸ್ ಲ್ಯಾಬ್‌ನಲ್ಲಿ ಒಂದು ವರ್ಚುವಲ್ ಮೆಷಿನನ್ನು ಬೇಕಂತಲೇ ಕ್ರ್ಯಾಶ್ ಮಾಡಿ, ಡಂಪ್ ತೆಗೆದು ಓದುವ ಪ್ರಯೋಗ ಒಂದಾದರೂ ಇರಲಿ. ಮತ್ತೆ ಎಬ್ಬಿಸೋದು ಬಟನ್‌ಗೂ ಗೊತ್ತು. ಯಾಕೆ ಬಿತ್ತು ಅಂತ ಹೇಳಬೇಕಾದವರು ನಾವು.