ತಾರಸಿಯ ಬಿಸಿಲು, ಮೀಟರಿನ ಹೆಸರು

ಅಮೆರಿಕದಲ್ಲಿ ನೆಲೆಸಿದ ಬಂಧುಗಳಿಂದ ‘ಟ್ಯಾಕ್ಸ್ ಕ್ರೆಡಿಟ್’ ಎಂಬ ಮಾತನ್ನು ಅನೇಕರು ಕೇಳಿರಬಹುದು. ಮನೆಯ ಮೇಲೆ ಸೌರಫಲಕ ಹಾಕಿಸಿದವರು ವೆಚ್ಚದ ಶೇಕಡಾ 30ರಷ್ಟನ್ನು ತಾವು ಕಟ್ಟಬೇಕಾದ ಆದಾಯ ತೆರಿಗೆಯಲ್ಲಿಯೇ ಕಳೆದುಕೊಳ್ಳಲು ಅಲ್ಲಿ ಅವಕಾಶವಿತ್ತು. ಆ ಸೌಲಭ್ಯ 2025ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಮಾತು ಮಾತ್ರ ಕಡಲು ದಾಟಿ ಬಂದಿದೆ. ಫಲಕ ಹಾಕಿಸಿದರೆ ಇಲ್ಲಿಯೂ ತೆರಿಗೆ ಇಳಿಯುವುದೆಂಬ ಎಣಿಕೆಯೂ ಅದರೊಡನೆ ಬಂದಿದೆ.

ಕೊಯಮತ್ತೂರಿನ ಪೂರ್ವಕ್ಕೆ, ತಿರುಚ್ಚಿ ರಸ್ತೆಯಲ್ಲಿರುವ ಸಿಂಗಾನಲ್ಲೂರನ್ನೇ ತೆಗೆದುಕೊಳ್ಳಬಹುದು. (ಡಾ. ರಾಜ್‌ಕುಮಾರ್ ಅವರ ತಂದೆಯ ಹೆಸರಿನೊಡನೆ ಬರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು, ಇದು ಬೇರೆ.) ಗಿರಣಿಗಳೂ ಕೆರೆಯೂ ಇರುವ ಈ ಊರಿನ ಸಂಬಳದಾರರಿಗೆ ಸೌರಫಲಕದ ವೆಚ್ಚವನ್ನು ತೆರಿಗೆಯಲ್ಲಿ ನೇರವಾಗಿ ಕಳೆಯುವ ಅವಕಾಶ ಭಾರತದ ಕಾನೂನಿನಲ್ಲಿಲ್ಲ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು, ಮನೆ ದುರಸ್ತಿಗೆಂದು ತೆಗೆದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿಯವರೆಗೆ ಆದಾಯದಿಂದ ಕಳೆಯಬಹುದು. ಅದು ಆದಾಯದ ಕಡಿತವೇ ಹೊರತು ತೆರಿಗೆಯ ಕಡಿತವಲ್ಲ. ಹೊಸ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಗೆ ಅದೂ ಇಲ್ಲ.

ಇರುವುದು ಸಹಾಯಧನ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ. ಒಟ್ಟು 78,000ಕ್ಕೆ ಮಿತಿ. ತೆರಿಗೆ ಕಟ್ಟುವವರು, ಕಟ್ಟದವರು ಎಂಬ ಭೇದ ಇದಕ್ಕಿಲ್ಲ. ಫಲಕಗಳು ದೇಶದಲ್ಲಿಯೇ ತಯಾರಾದವಾಗಿರಬೇಕು, ಅಳವಡಿಸುವವರು ನೋಂದಾಯಿತರಾಗಿರಬೇಕು. ಹಣ ಬ್ಯಾಂಕ್ ಖಾತೆಗೆ ಬರುವುದು ಫಲಕ ಕೂರಿಸಿ, ವಿದ್ಯುತ್ ಇಲಾಖೆಯವರು ಪರಿಶೀಲಿಸಿದ ಬಳಿಕ. ಅಲ್ಲಿಯವರೆಗೆ ಪೂರ್ಣ ಮೊತ್ತವನ್ನೋ ಬ್ಯಾಂಕ್ ಸಾಲವನ್ನೋ ಮನೆಯವರೇ ಹೊಂದಿಸಿಕೊಳ್ಳಬೇಕು. ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕ, ಸಮವಸ್ತ್ರಗಳಿಗೆ ಕೈ ಚಾಚಬೇಕಾದ ಸಂಸಾರಕ್ಕೆ ಈ ನಡುವಿನ ಅವಧಿಯೇ ಕಷ್ಟದ್ದು.

ಇದಕ್ಕಿಂತ ದೊಡ್ಡ ತೊಡಕು ಮೀಟರಿನ ಹೆಸರಿನಲ್ಲಿದೆ. ಅರ್ಜಿ ಹಾಕುವವರ ಹೆಸರೂ ವಿದ್ಯುತ್ ಸಂಪರ್ಕದ ಹೆಸರೂ ಒಂದೇ ಆಗಿರಬೇಕು. ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳಿರಲಿ, ಬೇರೆಯವರಿರಲಿ, ಹಿರಿಯರು ಕಟ್ಟಿಸಿದ ಮನೆಯಲ್ಲಿ ಮೀಟರು ಎಷ್ಟೋ ವೇಳೆ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಉಳಿದಿರುತ್ತದೆ. ಬಿಲ್ಲು ತಪ್ಪದೆ ಕಟ್ಟಿದರೆ ಸಾಕೆಂದು ಯಾರೂ ಅದನ್ನು ಬದಲಾಯಿಸುವುದಿಲ್ಲ. ಅಣ್ಣತಮ್ಮಂದಿರ ನಡುವೆ ಮನೆ ಇನ್ನೂ ಪಾಲಾಗದಿದ್ದರಂತೂ ಯಾರ ಹೆಸರಿಗೆ ಎಂಬ ಮಾತೆತ್ತುವುದೇ ಮುಜುಗರ. ವಾರಸು ಪತ್ರ, ಉಳಿದವರ ಒಪ್ಪಿಗೆ, ಮನೆ ತೆರಿಗೆಯ ರಶೀದಿ ಇವುಗಳನ್ನು ಜೋಡಿಸಿ ಹೆಸರು ವರ್ಗಾಯಿಸಿಕೊಳ್ಳುವ ಕೆಲಸ ಮೊದಲು ನಡೆಯಬೇಕು. ಫಲಕದ ಬೆಲೆ ವಿಚಾರಿಸುವುದು ಆಮೇಲೆ.

ಫಲಕ ಬೇಕೇ ಎಂಬುದನ್ನು ಮೀಟರಿನ ಲೆಕ್ಕವೇ ಹೇಳುತ್ತದೆ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ಲು. ಮೊದಲ 100 ಯೂನಿಟ್ 2016ರಿಂದ ಎಲ್ಲ ಮನೆಗಳಿಗೂ ಉಚಿತ. ಮುಂದೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬಳಕೆ 500 ಯೂನಿಟ್ ದಾಟಿತೆಂದರೆ 101ರಿಂದ 200ರವರೆಗಿನ ಅಗ್ಗದ ದರವೂ ಕೈತಪ್ಪುತ್ತದೆ. 1 ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್, ಎಂದರೆ ಎರಡು ತಿಂಗಳಿಗೆ 240 ಯೂನಿಟ್ ಕೊಡುತ್ತದೆ. ಎರಡು ತಿಂಗಳಿಗೆ 200 ಯೂನಿಟ್ ಉರಿಸುವ ಮನೆಗೆ ಬಿಲ್ಲೇ ಅಲ್ಪ. ಅಲ್ಲಿ ಫಲಕದ ಬಂಡವಾಳ ಬೇಗ ಮರಳದು. 600, 700 ಯೂನಿಟ್ ಮುಟ್ಟುವ ಮನೆಗೆ 2 ಕಿಲೋವ್ಯಾಟ್ ನಿಜವಾಗಿ ಹಗುರ ಮಾಡುತ್ತದೆ. ಹೆಚ್ಚು ಸಹಾಯಧನದ ಆಸೆಗೆ 3 ಕಿಲೋವ್ಯಾಟ್ ಹಾಕಿಸುವುದು ಎಲ್ಲರಿಗೂ ಜಾಣತನವಲ್ಲ. ಒಂದು ವರ್ಷದ ಆರು ಬಿಲ್ಲುಗಳನ್ನು ಮುಂದಿಟ್ಟು ಎಂಟನೆಯ ತರಗತಿಯ ಮಗುವಿಗೆ ಈ ಲೆಕ್ಕ ಕೊಟ್ಟರೆ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸುತ್ತದೆ. ಬಿಲ್ಲಿನ ತಮಿಳನ್ನು ಓದಲು ಕೂಡ ಮನೆಯಲ್ಲಿ ಹೆಚ್ಚಿನ ವೇಳೆ ಆ ಮಗುವೇ ಗತಿ.

ಬಾಡಿಗೆಯವರಿಗೆ ಈ ಯೋಜನೆ ಸುಲಭವಾಗಿ ದಕ್ಕುವುದಿಲ್ಲ. ವಿದ್ಯುತ್ ಸಂಪರ್ಕ ತಮ್ಮ ಹೆಸರಿನಲ್ಲಿದ್ದು, ತಾರಸಿ ಬಳಸಲು ಮಾಲೀಕರ ಒಪ್ಪಿಗೆಯೂ ಇದ್ದರೆ ಮಾತ್ರ ಅವರಿಗೆ ಅದರಲ್ಲಿ ಪಾಲು. ಗಿರಣಿಯ ಸುತ್ತಲಿನ ಸಾಲುಮನೆಗಳಲ್ಲಿ ವಾಸಿಸುವವರಿಗೆ ಇದು ಅನ್ಯಾಯವೇ ಸರಿ. ಅದು ಕೈಗೂಡದವರ ಪಾಲಿಗೆ ಉಳಿದಿರುವುದು ಸಹಾಯಧನವಿಲ್ಲದ ಸಣ್ಣ ದಾರಿ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ, ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನು 30ರ ಆಸುಪಾಸಿನಲ್ಲಿ ತಿರುಗುತ್ತದೆ. ದಿನಕ್ಕೆ 12 ಗಂಟೆಯಂತೆ ಮೂರು ಫ್ಯಾನುಗಳ ಉಳಿತಾಯ ಎರಡು ತಿಂಗಳಿಗೆ 97 ಯೂನಿಟ್, ಹೆಚ್ಚುಕಡಿಮೆ ಸರ್ಕಾರ ಕೊಡುವ ಉಚಿತ ವಿದ್ಯುತ್ತಿನಷ್ಟೇ. ಮೂರನ್ನೂ ಒಮ್ಮೆಗೇ ಕೊಳ್ಳಬೇಕೆಂದೇನಿಲ್ಲ; ಮಕ್ಕಳು ಮಲಗುವ ಕೋಣೆಯದು ಮೊದಲು ಬರಲಿ. ಮನೆ ಬಿಡುವ ದಿನ ಹಳೆಯದನ್ನು ಮತ್ತೆ ತೂಗುಹಾಕಿ, ಹೊಸದನ್ನು ಕಳಚಿಕೊಂಡು ಹೋಗಬಹುದು.