ಕಾರಣ ಯಾವುದು, ಕಾರ್ಯ ಯಾವುದು?

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಎರಡು ಘಟನೆಗಳು ಒಟ್ಟಿಗೆ ಸಂಭವಿಸಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಹಾಗಾದರೆ ಕಾರಣವನ್ನು ನಿರ್ಧರಿಸುವ ಬಗೆ ಹೇಗೆ? ಕಬ್ಬಿಣದ ಅತಿವಾಹಕಗಳನ್ನು ಕುರಿತ ಸಂಶೋಧನೆ ಇದಕ್ಕೊಂದು ಸೊಗಸಾದ ಉತ್ತರವನ್ನು ಒದಗಿಸಿದೆ.

ತಕ್ಕಷ್ಟು ತಣಿಸಿದಾಗ ವಿದ್ಯುತ್ಪ್ರವಾಹಕ್ಕೆ ಯಾವ ರೋಧವನ್ನೂ ಒಡ್ಡದ ವಸ್ತುವೇ ಅತಿವಾಹಕ. ಕಬ್ಬಿಣ ಮತ್ತು ಆರ್ಸೆನಿಕ್‌ಗಳನ್ನುಳ್ಳ ಸಂಯುಕ್ತವೊಂದು ೨೬ ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದೆಂದು ೨೦೦೮ರಲ್ಲಿ ಜಪಾನಿನ ಹಿದೆಯೊ ಹೊಸೊನೊ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಇದೇ ಕುಲಕ್ಕೆ ಸೇರಿದ ಬೇರಿಯಂ-ಕಬ್ಬಿಣ-ಆರ್ಸೆನಿಕ್ ಸ್ಫಟಿಕವನ್ನು ತಣಿಸುತ್ತ ಬಂದರೆ, ಸುಮಾರು ೧೪೦ ಕೆಲ್ವಿನ್‌ನಲ್ಲಿ, ಪರಮಾಣುಗಳ ಚೌಕಜಾಲರಿ ಆಯತವಾಗುತ್ತದೆ. ಬಾಹುಗಳ ವ್ಯತ್ಯಾಸ ಶೇಕಡ ಒಂದಕ್ಕಿಂತಲೂ ಕಡಮೆ. ವಿದ್ಯುದ್ರೋಧದ ವ್ಯತ್ಯಾಸವಾದರೋ ಅಷ್ಟಕ್ಕೆ ನಿಲ್ಲದು. ತುಸು ಕೋಬಾಲ್ಟ್ ಬೆರೆಸಿದ ಸ್ಫಟಿಕಗಳಲ್ಲಿ ಒಂದು ದಿಕ್ಕಿನ ರೋಧ ಅದಕ್ಕೆ ಅಡ್ಡಲಾದ ದಿಕ್ಕಿನ ರೋಧದ ಸುಮಾರು ಇಮ್ಮಡಿಯವರೆಗೆ ಏರುತ್ತದೆ. ಇಲೆಕ್ಟ್ರಾನುಗಳು ಒಂದು ದಿಕ್ಕಿಗೆ ಒಲಿಯುವ ಈ ಸ್ಥಿತಿಗೆ ನೆಮ್ಯಾಟಿಕ್ ವ್ಯವಸ್ಥೆಯೆಂದು ಹೆಸರು. ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಳ್ಳುವ ದ್ರವಸ್ಫಟಿಕಗಳಿಂದ ಎರವಲು ಪಡೆದ ಪದವಿದು.

ಜಾಲರಿ ಇಲೆಕ್ಟ್ರಾನುಗಳನ್ನು ಓಲಿಸಿತೊ, ಇಲೆಕ್ಟ್ರಾನುಗಳು ಜಾಲರಿಯನ್ನು ಎಳೆದುವೊ? ಎರಡೂ ಜೊತೆಯಲ್ಲಿಯೇ ನಡೆಯುವುದರಿಂದ ಬರಿದೆ ನೋಡುತ್ತ ಕುಳಿತರೆ ತಿಳಿಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಯಾನ್ ಫಿಶರ್ ಅವರ ತಂಡ ೨೦೧೨ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿತು. ವಿದ್ಯುತ್ತಿನಿಂದ ಹಿಗ್ಗುವ ಆಧಾರಕ್ಕೆ ಸ್ಫಟಿಕವನ್ನು ಅಂಟಿಸಿ, ಜಾಲರಿ ಇನ್ನೂ ಚೌಕವಾಗಿರುವ ಉಷ್ಣತೆಗಳಲ್ಲಿಯೇ ಅದನ್ನು ಅತ್ಯಲ್ಪವಾಗಿ ಹಿಗ್ಗಿಸಿ, ರೋಧವನ್ನು ಅಳೆದರು. ಜಾಲರಿಯೇ ಯಜಮಾನನಾಗಿದ್ದಲ್ಲಿ, ಒಂದೇ ಅಳತೆಯ ಹಿಗ್ಗಿಗೆ ರೋಧದ ಬದಲಾವಣೆ ಎಲ್ಲ ಉಷ್ಣತೆಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿರಬೇಕಿತ್ತು. ಹಾಗಾಗಲಿಲ್ಲ. ತಣಿದಂತೆಲ್ಲ ಅಷ್ಟೇ ಹಿಗ್ಗಿಗೆ ಬದಲಾವಣೆ ಮೇಲೆಮೇಲೆ ಏರಿತು. ಆದಕಾರಣ ಮುಂದಾಳುಗಳು ಇಲೆಕ್ಟ್ರಾನುಗಳು. ಜಾಲರಿ ಅನುಚರ ಮಾತ್ರ.

ಇಂಥ ಪ್ರಶ್ನೆಗೆ ನಮ್ಮ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಎಡೆ ದೊರೆಯುವುದು ಅಪೂರ್ವವೆಂಬುದು ವಿಷಾದದ ಸಂಗತಿ. ತಂತಿಯ ರೋಧ ಪುಸ್ತಕದ ಅಂಕಿಗೆ ಹೊಂದಿದರೆ ನಾವು ತೃಪ್ತರಾಗುತ್ತೇವೆ. ಪ್ರವಾಹ ಹೆಚ್ಚಿದಾಗ ದೀಪದ ತಂತಿಯ ರೋಧವೂ ಹೆಚ್ಚುತ್ತದೆ. ಇದಕ್ಕೆ ಪ್ರವಾಹ ಕಾರಣವೊ, ಉಷ್ಣತೆ ಕಾರಣವೊ? ತಂತಿಯ ಸುರುಳಿಯೊಂದನ್ನು ಎಣ್ಣೆಯಲ್ಲಿ ಮುಳುಗಿಸಿ, ಪ್ರವಾಹವನ್ನು ಬದಲಿಸದೆ ಎಣ್ಣೆಯನ್ನಷ್ಟೇ ಕಾಯಿಸಿ ನೋಡಬಹುದು. ಇದಕ್ಕೆ ದುಬಾರಿ ಉಪಕರಣವೇನೂ ಬೇಡ. ಇಂಥ ಒಂದು ಪ್ರಯೋಗವನ್ನಾದರೂ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಯೋಜಿಸಿ ನಡೆಸುವಂತಾಗಬೇಕೆಂಬುದು ನಮ್ಮ ಅಭಿಪ್ರಾಯ.

ನೆಮ್ಯಾಟಿಕ್ ವ್ಯವಸ್ಥೆ ಅತಿವಾಹಕತೆಗೆ ನೆರವೊ, ಅಡ್ಡಿಯೊ ಎಂಬ ವಾದ ಇನ್ನೂ ಮುಗಿದಿಲ್ಲ. ಕಾರಣವನ್ನು ಕಾರ್ಯದಿಂದ ಬೇರ್ಪಡಿಸುವ ಅಭ್ಯಾಸವಿದ್ದಲ್ಲಿ ನಮ್ಮ ತರುಣರೂ ಆ ವಾದದಲ್ಲಿ ಪಾಲುಗೊಳ್ಳಬಲ್ಲರು.