ಎಲೀಯನ ನಿದ್ರೆಯೂ ನಮ್ಮ ವೈದ್ಯ ವಿದ್ಯಾರ್ಥಿಗಳೂ

ಮನೆಯ ಮಗನೋ ಮಗಳೋ ವೈದ್ಯಕೀಯ ಕಾಲೇಜಿಗೆ ಆಯ್ಕೆಯಾದ ಸುದ್ದಿ ಬಂದ ವಾರ ನಮ್ಮ ಧರ್ಮಕೇಂದ್ರಗಳಲ್ಲಿ ಸಣ್ಣದೊಂದು ಹಬ್ಬವೇ ನಡೆಯುತ್ತದೆ. ತಂದೆತಾಯಂದಿರು ಕೃತಜ್ಞತಾ ಬಲಿಪೂಜೆಗೆ ಹೆಸರು ಬರೆಸುತ್ತಾರೆ. ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಸಿಹಿ ಹಂಚುತ್ತಾರೆ. ಹಿರಿಯರು ಆ ಮಗುವಿನ ತಲೆ ಮುಟ್ಟಿ ಹರಸುತ್ತಾರೆ. ರೇಷ್ಮೆ, ತರಕಾರಿ, ಹಾಲು ಇವುಗಳನ್ನು ನಂಬಿ ಬದುಕುವ ನಮ್ಮ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಕುಟುಂಬಗಳಿಗೆ ಅದು ಎಂತಹ ಸಂತೋಷವೆಂದು ವಿವರಿಸಬೇಕಾಗಿಲ್ಲ. ಆದರೆ ಅದೇ ಮಗು ಕೆಲವು ತಿಂಗಳ ನಂತರ ಕ್ರಿಸ್ಮಸ್ ಹಬ್ಬಕ್ಕೆ ಮನೆಗೆ ಬಂದಾಗ ಮುಖ ಬಾಡಿದ್ದರೆ, ಊಟ ಸೇರದಿದ್ದರೆ, ರಾತ್ರಿ ಮೂರರವರೆಗೂ ಕೋಣೆಯ ದೀಪ ಉರಿಯುತ್ತಿದ್ದರೆ, ಆ ಬಗ್ಗೆ ಬಾಯಿಬಿಟ್ಟು ಕೇಳುವವರು ವಿರಳ. ಓದು ಹೆಚ್ಚು ಎಂಬ ಒಂದೇ ಮಾತಿನಲ್ಲಿ ನಾವು ಎಲ್ಲವನ್ನೂ ಮುಚ್ಚಿಬಿಡುತ್ತೇವೆ.

ವೈದ್ಯ ವಿದ್ಯಾಭ್ಯಾಸ ಈಗ ನಮಗೆ ದೂರದ ವಿಷಯವಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರದಲ್ಲಿ ಇಂದು ಸರ್ಕಾರಿ ವೈದ್ಯಕೀಯ ಕಾಲೇಜಿದೆ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಮತ್ತೊಂದು ಆರಂಭವಾಯಿತು. ಕೋಲಾರವಿದೆ, ಬೆಂಗಳೂರಂತೂ ಇದ್ದೇ ಇದೆ. ಅಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಸ್ಥಾಪಿಸಿದ ಸಂತ ಜಾನರ ವೈದ್ಯಕೀಯ ಕಾಲೇಜಿಗೆ ಮಕ್ಕಳನ್ನು ಸೇರಿಸಬೇಕೆಂಬುದು ನಮ್ಮ ಎಷ್ಟೋ ಮನೆಗಳ ಕನಸು. ಹೀಗೆ ಬಾಗಿಲುಗಳು ಹೆಚ್ಚಿದಷ್ಟೂ, ಆ ಬಾಗಿಲನ್ನು ದಾಟಿ ಒಳಹೋದ ಮಕ್ಕಳ ಸ್ಥಿತಿಯನ್ನು ವಿಚಾರಿಸುವ ಹೊಣೆಯೂ ನಮಗೆ ಹೆಚ್ಚಿದೆ.

ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ ಕಾರ್ಯಪಡೆಯೊಂದು 2024ರಲ್ಲಿ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವರದಿ ನೀಡಿತು. ಅದರ ಸಮೀಕ್ಷೆಗೆ 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಉತ್ತರಿಸಿದ್ದರು. ಅವರಲ್ಲಿ ಶೇ. 27.8ರಷ್ಟು ಮಂದಿ ತಮಗೆ ಯಾವುದೋ ಒಂದು ಮಾನಸಿಕ ತೊಂದರೆ ಇರುವುದಾಗಿ ತಿಳಿಸಿದರು. ಬದುಕು ಬೇಡವೆಂಬ ಆಲೋಚನೆ ಸುಳಿದುಹೋದುದಾಗಿ ಹೇಳಿದವರು ಶೇ. 16.2, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಈ ಪ್ರಮಾಣ ಶೇ. 31. ತಾವಾಗಿ ಉತ್ತರಿಸಲು ಮುಂದೆ ಬಂದವರ ಅಂಕಿಗಳಿವು. ದೇಶದ ಪ್ರತಿಯೊಂದು ಕಾಲೇಜಿಗೂ ಇದೇ ಅಳತೆ ಎಂದು ಸಾಧಿಸಲು ಹೊರಡುವುದು ತರ್ಕಕ್ಕೆ ಒಪ್ಪುವುದಿಲ್ಲ. ಆದರೂ ಇಷ್ಟು ಸಾವಿರ ಮಕ್ಕಳು ಹೆಸರು ಹೇಳದೆ ಆಡಿದ ಮಾತನ್ನು ಕೇಳಿಸಿಕೊಳ್ಳದೆ ಇರುವುದೂ ಸರಿಯಲ್ಲ.

ಈ ಸಂಕಟದ ಮೂಲವೆಲ್ಲಿ? ಹತ್ತನೆಯ ತರಗತಿಯಿಂದಲೂ ಊರಿಗೇ ಮೊದಲಿಗನಾಗಿದ್ದ ಹುಡುಗ, ಎಲ್ಲರೂ ಮೊದಲಿಗರೇ ಆಗಿರುವ ತರಗತಿಯಲ್ಲಿ ಒಮ್ಮೆಗೇ ಸಾಮಾನ್ಯನಾಗಿಬಿಡುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಅಂಗರಚನಾಶಾಸ್ತ್ರದ ದಪ್ಪ ಇಂಗ್ಲಿಷ್ ಗ್ರಂಥದ ಮುಂದೆ ಕುಳಿತು, ತನಗೆ ಬುದ್ಧಿಯೇ ಇಲ್ಲವೆಂದು ತಿಳಿಯುತ್ತಾಳೆ. ಇಲ್ಲದಿರುವುದು ಬುದ್ಧಿಯಲ್ಲ, ಆ ಭಾಷೆಯ ಬಳಕೆ ಮಾತ್ರ. ಜೊತೆಗೆ ಜೀವನದಲ್ಲಿ ಮೊದಲ ಬಾರಿಗೆ ಮೃತದೇಹದ ಮುಂದೆ ನಿಲ್ಲುವ ಅನುಭವ, ಮೊದಲ ಬಾರಿಗೆ ಮನೆ ಬಿಟ್ಟಿರುವ ಅನುಭವ. ಇವೆಲ್ಲವನ್ನೂ ಗೆಲ್ಲಲು ಮಕ್ಕಳು ಮೊದಲು ಕತ್ತರಿಸುವುದು ನಿದ್ರೆಯನ್ನು. ನಂತರ ಬೆಳಗಿನ ತಿಂಡಿಯನ್ನು. ಆಮೇಲೆ ಸಂಜೆಯ ಆಟವನ್ನು, ಕೊನೆಗೆ ಭಾನುವಾರದ ಪೂಜೆಯನ್ನು. ಆ ಜಾಗಕ್ಕೆ ಕಾಫಿ ಬರುತ್ತದೆ, ಮಧ್ಯರಾತ್ರಿಯ ಮೊಬೈಲು ಬರುತ್ತದೆ, ಕೆಲವರಿಗೆ ಸಿಗರೇಟು ಮತ್ತು ಮದ್ಯವೂ ಬರುತ್ತವೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೆ ನಿದ್ರೆ ಬೇಕೆಂಬುದನ್ನು ಇದೇ ಮಕ್ಕಳು ಶರೀರಕ್ರಿಯಾಶಾಸ್ತ್ರದ ಪಾಠದಲ್ಲಿ ಓದುತ್ತಾರೆ, ಅದನ್ನು ಓದುವುದಕ್ಕಾಗಿಯೇ ನಿದ್ರೆಗೆಡುತ್ತಾರೆ!

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ. ಆಗ ಅದು ತಲೆಯೆತ್ತಿ ನಿಶ್ಚಲವಾಗಿದ್ದು ಹಳೆಯ ಚರ್ಮ ಕಳಚುತ್ತದೆ. ಆ ಹೊತ್ತಿನಲ್ಲಿ ಯಾವ ರೈತನೂ ಹಿಪ್ಪುನೇರಳೆ ಸೊಪ್ಪು ಹಾಕಿ ತಿನ್ನೆಂದು ಒತ್ತಾಯಿಸುವುದಿಲ್ಲ, ಹುಳುವನ್ನು ಕದಲಿಸುವುದೂ ಇಲ್ಲ. ಹುಳುಮನೆಯಲ್ಲಿ ನಾವು ತೋರುವ ಈ ತಾಳ್ಮೆ ಮನೆಯ ಮಕ್ಕಳ ವಿಷಯದಲ್ಲಿ ಎಲ್ಲಿ ಹೋಗುತ್ತದೆಯೋ ತಿಳಿಯದು.

ಪವಿತ್ರ ಗ್ರಂಥದಲ್ಲಿ, ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ, ಪ್ರವಾದಿ ಎಲೀಯನು ಅರಣ್ಯದ ಗಿಡವೊಂದರ ಕೆಳಗೆ ಕುಳಿತು ತನ್ನ ಪ್ರಾಣವನ್ನು ತೆಗೆದುಕೊಂಡುಬಿಡೆಂದು ದೇವರನ್ನು ಬೇಡುವ ಪ್ರಸಂಗವಿದೆ. ಕಾರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯವನ್ನು ಕಂಡ ಮನುಷ್ಯನಾತ. ಆಗ ದೇವದೂತನು ಏನು ಮಾಡಿದನು? ವಿಶ್ವಾಸ ಕಡಿಮೆಯಾಯಿತೆಂದು ಗದರಿಸಲಿಲ್ಲ. ನಿನಗಿಂತ ಕಷ್ಟದಲ್ಲಿರುವವರನ್ನು ನೋಡು ಎನ್ನಲಿಲ್ಲ. ಮಲಗಿದ್ದವನನ್ನು ತಟ್ಟಿ ಎಬ್ಬಿಸಿ, ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮತ್ತೆ ಮಲಗಲು ಬಿಟ್ಟನು. ಎರಡನೆಯ ಬಾರಿಯೂ ಅದೇ ಉಪಚಾರ. ದೇವರ ಮೃದುವಾದ ದನಿ ಎಲೀಯನ ಕಿವಿಗೆ ಬಿದ್ದುದು ಇದಾದ ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಸಂತ ಥಾಮಸ್ ಅಕ್ವಿನಾಸರನ್ನು ಕೇವಲ ಒಣ ತರ್ಕದ ಪಂಡಿತರೆಂದು ತಿಳಿದವರುಂಟು. ಆದರೆ ತಮ್ಮ ‘ಸುಮ್ಮಾ ಥಿಯೊಲೊಜಿಯೆ’ಯಲ್ಲಿ ಅವರು ದುಃಖಕ್ಕೆ ಪರಿಹಾರವೇನೆಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ಎತ್ತಿಕೊಂಡಿದ್ದಾರೆ. ಸಂತೋಷ, ಕಣ್ಣೀರು, ಸ್ನೇಹಿತರ ಅನುಕಂಪ, ಸತ್ಯದ ಧ್ಯಾನ ಇವುಗಳನ್ನು ಪರಿಶೀಲಿಸಿದ ಮೇಲೆ ಐದನೆಯದಾಗಿ ಅವರು ಹೆಸರಿಸುವುದು ನಿದ್ರೆಯನ್ನೂ ಸ್ನಾನವನ್ನೂ! ಇದರ ಹಿಂದೆ ಗಂಭೀರವಾದ ತತ್ವವಿದೆ. ಆತ್ಮವು ದೇಹದೊಳಗೆ ಬಾಡಿಗೆಗೆ ಇರುವ ವಸ್ತುವಲ್ಲ. ಆತ್ಮ ದೇಹಗಳೆರಡೂ ಸೇರಿಯೇ ಒಬ್ಬ ಮನುಷ್ಯ. ಆದ್ದರಿಂದ ದೇಹಕ್ಕೆ ಸಲ್ಲಬೇಕಾದ ಅನ್ನ, ನಿದ್ರೆ, ನಡಿಗೆಗಳನ್ನು ಕಸಿದುಕೊಂಡು ಮನಸ್ಸು ಮಾತ್ರ ಗಟ್ಟಿಯಾಗಿರಲೆಂದು ಬಯಸುವುದು ಆಗದ ಮಾತು.

ಇಲ್ಲಿ ನಮ್ಮ ಭಕ್ತಾದಿಗಳ ಒಂದು ತಪ್ಪು ಗ್ರಹಿಕೆಯ ಬಗ್ಗೆ ನೇರವಾಗಿ ಹೇಳಬೇಕು. ಮಗು ಖಿನ್ನತೆಯಿಂದ ನರಳುತ್ತಿರುವಾಗ ಜಪಸರ ಸಾಲದೆಂದೋ, ಧ್ಯಾನಕೂಟಕ್ಕೆ ಕಳುಹಿಸಿದರೆ ಸರಿಹೋಗುವುದೆಂದೋ ಹೇಳುವವರಿದ್ದಾರೆ. ಪ್ರಾರ್ಥನೆ ಬೇಕು, ಅದನ್ನು ಬೇಡವೆನ್ನುವವನು ಗುರುವಾಗಿರಲಾರ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವಾಗ ನಾವು ವಿಶ್ವಾಸದ ಪ್ರಶ್ನೆ ಎತ್ತುವುದಿಲ್ಲವಲ್ಲ! ಪಾಪನಿವೇದನೆಯ ಪೀಠ ಪಾಪದ ಕ್ಷಮೆಗಾಗಿ ಇದೆ. ಖಿನ್ನತೆ ಪಾಪವಲ್ಲ, ಅದಕ್ಕೆ ಬೇಕಾದುದು ಚಿಕಿತ್ಸೆ. ತಾವಾಗಿ ಪ್ರಾಣ ಕಳೆದುಕೊಂಡವರ ವಿಷಯದಲ್ಲಿಯೂ ಧರ್ಮಸಭೆಯ ನಡೆ ಬದಲಾಗಿದೆ. 1917ರ ಧರ್ಮಸಭಾ ಸಂಹಿತೆಯಲ್ಲಿ ಅಂಥವರ ಶವಸಂಸ್ಕಾರಕ್ಕೆ ಇದ್ದ ನಿಷೇಧವು 1983ರ ಸಂಹಿತೆಯಲ್ಲಿ ಇಲ್ಲ. 1992ರ ಧರ್ಮೋಪದೇಶ ಗ್ರಂಥವು, ತೀವ್ರವಾದ ಮಾನಸಿಕ ಕ್ಷೋಭೆಯು ವ್ಯಕ್ತಿಯ ಹೊಣೆಯನ್ನು ಕುಗ್ಗಿಸಬಲ್ಲದೆಂದೂ ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಬೋಧಿಸುತ್ತದೆ. ಅಗಲಿದವರ ಬಗ್ಗೆಯೇ ಇಷ್ಟು ಕರುಣೆ ತೋರುವ ಧರ್ಮಸಭೆಯ ಮಕ್ಕಳು, ಬದುಕಿರುವವರನ್ನು ಮನೋವೈದ್ಯರ ಬಳಿ ಕರೆದೊಯ್ಯಲು ನಾಚಬೇಕೆ?

ನಾಚಿಕೆಯ ಕಾರಣ ನಮಗೆಲ್ಲ ಗೊತ್ತು. ಔಷಧಿ ತೆಗೆದುಕೊಂಡ ಸುದ್ದಿ ಹೊರಬಿದ್ದರೆ ಮದುವೆಯ ಮಾತು ಕೆಡುತ್ತದೆ, ಕಾಲೇಜಿನಲ್ಲಿ ಹೆಸರು ಹಾಳಾಗುತ್ತದೆ ಎಂಬ ಭಯ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇರಿಸಿಕೊಳ್ಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ರೋಗಿಗೆ ಕೊಟ್ಟಿದೆ ಎಂಬುದನ್ನು ಬಹಳ ಜನ ತಿಳಿದಿಲ್ಲ. ಇನ್ನು ಸಾಲದ ಮಾತು. ಹೊಲ ಅಡವಿಟ್ಟು, ಒಡವೆ ಮಾರಿ ಓದಿಸುತ್ತಿದ್ದೇವೆಂದು ವಾರವಾರವೂ ನೆನಪಿಸುವ ಪೋಷಕರು ಮಗುವಿಗೆ ಹೊಣೆಗಾರಿಕೆ ಕಲಿಸುತ್ತಿದ್ದೇವೆಂದು ಭಾವಿಸುತ್ತಾರೆ. ಮಗುವಿನ ಕಿವಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ: ತಾನು ಸೋತರೆ ಮನೆಯಲ್ಲಿ ತನಗೆ ಜಾಗವಿಲ್ಲ! ಮೊದಲ ವರ್ಷದ ಪರೀಕ್ಷೆಗೆ ನಿಯಮದ ಪ್ರಕಾರ ನಾಲ್ಕು ಅವಕಾಶಗಳಿವೆ. ಒಂದು ಬಾರಿ ಅನುತ್ತೀರ್ಣನಾದ ಮಾತ್ರಕ್ಕೆ ವೈದ್ಯನಾಗುವ ದಾರಿ ಮುಚ್ಚುವುದಿಲ್ಲ. ಹಾಗೆಯೇ, ಈ ವಿದ್ಯೆ ತನಗೆ ಒಗ್ಗದೆಂದು ಮಗು ನಿಶ್ಚಯವಾಗಿ ಕಂಡುಕೊಂಡರೆ, ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದೂ ದೈವಕರೆಗೆ ಓಗೊಡುವ ಒಂದು ಬಗೆಯೇ ಆಗಬಹುದು.

ಕಾಲೇಜುಗಳ ಪಾಲೂ ಇದರಲ್ಲಿದೆ. ಅದೇ ಕಾರ್ಯಪಡೆಯು ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದೆಂದೂ ವಾರಕ್ಕೊಂದು ರಜೆ ಕೊಡಬೇಕೆಂದೂ ಶಿಫಾರಸು ಮಾಡಿದೆ. ವಾರಕ್ಕೆ 74 ಗಂಟೆಯೇ ಸುಧಾರಣೆಯೆನಿಸುವ ವೃತ್ತಿಯೆಂದರೆ, ಅಲ್ಲಿನ ಈಗಿನ ಪರಿಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬಹುದು. ಏಳನೆಯ ದಿನದ ವಿಶ್ರಾಂತಿಯನ್ನು ದೇವರ ಆಜ್ಞೆಯೆಂದು ಪಾಲಿಸುವ ನಮ್ಮ ಧರ್ಮಸಭೆಯ ಆಸ್ಪತ್ರೆಗಳು ಈ ವಿಷಯದಲ್ಲಿ ಇತರರಿಗಿಂತ ಮುಂದಿರಬೇಕೆಂಬುದು ನನ್ನ ಅಭಿಪ್ರಾಯ.

ಮನೆಯವರು ಮಾಡಬಹುದಾದುದು ಸರಳ. ಭಾನುವಾರ ಸಂಜೆ ಮಗುವಿಗೆ ದೂರವಾಣಿ ಮಾಡಿದಾಗ ಅಂಕಗಳ ಮಾತನ್ನು ಬದಿಗಿಟ್ಟು, ಎಷ್ಟು ಹೊತ್ತಿಗೆ ಮಲಗುತ್ತೀಯೆ, ಬೆಳಿಗ್ಗೆ ಏನು ತಿಂದೆ, ಯಾರ ಜೊತೆ ಆಡಲು ಹೋಗುತ್ತೀಯೆ ಎಂದು ಕೇಳಿರಿ. ಎರಡು ವಾರ ಕಳೆದರೂ ನಿದ್ರೆ ಬಾರದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಮಾತಿನಲ್ಲಿ ತಾನು ಯಾರಿಗೂ ಬೇಡವಾದೆನೆಂಬ ಧಾಟಿ ಕಂಡುಬಂದರೆ ಪರೀಕ್ಷೆ ಮುಗಿಯಲೆಂದು ಕಾಯಬೇಡಿರಿ. ಬಸ್ಸು ಹತ್ತಿ ಹೊರಡಿರಿ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಲ್ಕೂ ಊರುಗಳಿಂದ ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟೇ ದೂರದಲ್ಲಿದೆ. ಹೊರಡುವ ಮೊದಲು ಯಾರೊಡನಾದರೂ ಮಾತನಾಡಬೇಕೆನಿಸಿದರೆ, ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ಸೇವೆಯಿದೆ, ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳು ಮಾತ್ರವಲ್ಲ, ಅವರ ಬಗ್ಗೆ ಚಿಂತೆಗೀಡಾದ ತಂದೆತಾಯಂದಿರೂ ಕರೆಮಾಡಬಹುದು.